ಗಿರಣಿ ಈರಪ್ಪನ ಸೋಮವಾರದ ಹಿಟ್ಟು

ಈರಪ್ಪನ ಮೂಗಿನ ಸುದ್ದಿ ಮೊದಲ ಮುಗಿಸಿಬಿಡ್ತೇನಿ. ಯಾಕಂದ್ರ ಅವನ್ನ ನೋಡಿದವರ ಕಣ್ಣಿಗೆ ಮೊದಲ ಬೀಳ್ತಿದ್ದದ್ದು ಅದ. ಹನ್ನೆರಡು ತಿಂಗಳೂ ಸೋರ್ತಿತ್ತು. ಹಿಟ್ಟಿನ ಗಿರಣಿಯಾಗ ನಿಂತವನ ಮೂಗು ಸೋರಿದ್ರ ಏನಾಗತೈತಿ, ನೀವ ವಿಚಾರ ಮಾಡ್ರಿ. ಹಾರಿ ಬಂದ ಹಿಟ್ಟು ಅದರ ಮ್ಯಾಲೆ ಕೂತು, ಕಣಕ ನಾದಿದಂಗ ಆಗಿ, ಮೀಸ್ಯಾಗ ಸಣ್ಣ ಸಣ್ಣ ಉಂಡಿ ಜೋತಾಡ್ತಿದ್ದವು. ಅದನ್ನ ಕೈಲೆ ಒರಸಿ, ಕೈ ಚಣ್ಣಕ್ಕ ತಿಕ್ಕಿ, ಅದ ಕೈಲೆ ನಮ್ಮ ಹಿಟ್ಟು ಚಿವುಟಿ ನೋಡ್ತಿದ್ದ, ಸಣ್ಣ ಬಿತ್ತೋ ದಪ್ಪ ಬಿತ್ತೋ ಅಂತ. ನಾ ಮನಿಗೆ ಬಂದ ಕೂಡ್ಲೆ ಡಬ್ಬಿ ಮ್ಯಾಲಿನ ಒಂದು ಹಿಡಿ ತಗದು ಗಟಾರಕ್ಕ ಚೆಲ್ತಿದ್ದೆ. ಮೂವತ್ತು ವರ್ಷ ಚೆಲ್ಲೇನಿ.

ಇಳಕಲ್ಲಿನ್ಯಾಗ ನಮ್ಮ ಓಣಿ ಮೂಲಿಗೆ ಇತ್ತು ಅವನ ಗಿರಣಿ. ಒಂದ ಖೋಲಿ, ಒಂದ ಕಲ್ಲು. ಜ್ವಾಳ, ಗೋಧಿ, ಕಡ್ಲಿಬ್ಯಾಳಿ, ಅಕ್ಕಿ, ಯಾವದ ತರ್ರಿ, ಎಲ್ಲಾ ಆ ಕಲ್ಲಿನ ಬಾಯಿಗೇ. ಗ್ವಾಡಿ ಕೆಳಗ ಎಲಿ-ತಂಬಾಕಿನ ಉಗುಳಿನ ಕೆಂಪು ಪಟ್ಟಿ, ಮ್ಯಾಲೆ ಹಿಟ್ಟು ಮೆತ್ತಿದ ಜ್ಯಾಡಿನ ಬಲಿ. ಅಂವಾ ತೊಡ್ತಿದ್ದ ಬನೀನು ಯಾವಾಗರ ಬೆಳ್ಳಗ ಇತ್ತೋ ಇಲ್ಲೋ ದೇವರಿಗೇ ಗೊತ್ತು. ಉಗುರಿನ್ಯಾಗ ಹಿಟ್ಟು, ಕಿವಿ ಕೂದಲದಾಗ ಹಿಟ್ಟು, ರೆಪ್ಪಿ ಮ್ಯಾಲೆ ಹಿಟ್ಟು. ಹಂತ್ಯಾಕ ಹೋದ್ರ ಹುಳಿ ವಾಸನಿ. ಇಂಥವನ ಕೈಯಾನ ಹಿಟ್ಟಿಲೆ ಅರ್ಧ ಊರು ರೊಟ್ಟಿ ಬಡಿತಿತ್ತು.

ಮಂದಿ ಮಾರಿ ಅಂವಾ ನೋಡ್ತಿದ್ದಿಲ್ಲ. ನಮ್ಮ ಹೆಸರೂ ಅವಂಗ ಬ್ಯಾಡಾಗಿತ್ತು. ನಾವು ಯಾವದರಾಗ ಕಾಳು ತರ್ತಿದ್ವಿ, ಅದ ನಮ್ಮ ಹೆಸರು.

"ಏ ನೀಲಿ ಬಕೀಟು, ಹಿಂದ ಸರಿ!"

"ಹಿತ್ತಾಳಿ ಡಬ್ಬಿ, ನಿನ್ನ ಕಾಳಿನ್ಯಾಗ ಹರಳ ಅದಾವ. ಹಸನ ಮಾಡಕೊಂಡು ಬರಾಕ ಕೈಗೆ ಏನ್ ಬ್ಯಾನಿ ಆಗಿತ್ತು?"

ನಾ ತಗಡಿನ ಡಬ್ಬಿ. ನನ್ನ ಹೆಸರು ನೀಲವ್ವ ಅಂತ ಅವಂಗ ಗೊತ್ತಿತ್ತು, ನನ್ನ ಗಂಡನ ಕೂಡ ಚಿಕ್ಕಂದಿನ್ಯಾಗ ಗೋಲಿ ಆಡಿದಾಂವ. ಆದ್ರೂ ತಗಡಿನ ಡಬ್ಬಿನ. ಯಾರರ ಲಗೂ ಮಾಡು ಅಂದ್ರ, "ಅವಸರ ಇದ್ರ ಮನ್ಯಾಗ ಬೀಸಕಲ್ಲು ಐತಿ, ಹೋಗು" ಅಂತಿದ್ದ. ಬೀಸಕಲ್ಲು ಯಾರ ಮನ್ಯಾಗೂ ಇಲ್ಲ ಅಂತ ಅವಂಗೂ ಗೊತ್ತಿತ್ತು.

ಇಂಥಾ ಹೊಲಸ ಮನಶಾನ ಮ್ಯಾಲೆ ನಾ ಯಾಕ ಬರಿತೇನಿ ಅಂದ್ರ, ಅದು ನನ್ನ ಮೊಮ್ಮಗಳ ಊಟದ ಸಲುವಾಗಿ.

ಮೊಮ್ಮಗಳ ಹೆಸರು ಸಾನ್ವಿ. ನಾ ಸಾನಿ ಅಂತೇನಿ. ಎರಡು ದಾಟಿದ್ರೂ ಮಾತಿಲ್ಲ, ಕರದ್ರ ಹೊಳ್ಳಿ ನೋಡೂದಿಲ್ಲ, ಮಿಕ್ಸರ್ ಹಚ್ಚಿದ್ರ ಕಿವಿ ಮುಚ್ಚಿಕೊಂಡು ಚೀರೂದು. ಬಾಗಲಕೋಟಿ ದವಾಖಾನಿಯಾಗ ಆಟಿಸಂ ಅಂದ್ರು. ನನ್ನ ಸೊಸಿ ಶೋಭಾ ಅತ್ತಳು. ನಾ ಡಾಕ್ಟರಗ ಕೇಳಿದೆ, "ಸಾಯೂ ಬ್ಯಾನಿ ಏನ್ರಿ?" ಅಂತ. ಅಲ್ಲಬೇ ಅಜ್ಜಿ, ಅಕಿ ಇರೂದ ಹಂಗ ಅಂದ್ರು. ಹಂಗಾದ್ರ ಇರಲಿ ಅಂದೆ. ನಮ್ಮ ಮನಿತನದಾಗ ಮಾರಿ ನೋಡಿ ನಕ್ಕೋಂತ ಮಾತಾಡಿ ಮನಿ ಹಾಳ ಮಾಡಿದವರು ಬೇಕಾದಷ್ಟ ಅದಾರ. ಇಕಿ ಒಬ್ಬಾಕಿ ಮಾತಾಡದಿದ್ರ ಏನೂ ಕೊಳ್ಳಿ ಹೋಗೂದಿಲ್ಲ.

ಖರೆ ತ್ರಾಸ ಇದ್ದದ್ದು ಊಟದ್ದು. ಅಕಿ ತಿಂತಿದ್ದದ್ದು ಮೂರ: ಒಣಗಿಸಿದ ಖಡಕ್ ಜ್ವಾಳದ ರೊಟ್ಟಿ, ಬಾಳಿಹಣ್ಣು, ನೀರ ಮಜ್ಜಿಗಿ. ಅನ್ನದ ಅಗಳು ಬಾಯಿಗೆ ಹೋದ್ರ ಹುಳಾ ಹೊಕ್ಕಂಗ ಉಗುಳಿ ಬಿಡ್ತಿದ್ದಳು. ಪಲ್ಲೆ, ಬ್ಯಾಳಿ ಕಂಡ್ರನ ವಾಕರಿಕಿ. ರೊಟ್ಟಿನೂ ಹೆಂಗಂದ್ರ ಹಂಗ ಅಲ್ಲ. ಗುಂಡಗ ಇರಬೇಕು, ಅಂಚು ಹರಿದಿರಬಾರದು, ನಡುವ ಸೀಳಿರಬಾರದು. ಸೀಳಿದ್ದು ಕೊಟ್ರ ಒಗದು, ನೆಲಕ್ಕ ತಲಿ ಬಡಕೊಳ್ಳಾಕಿ. ಹಿಂಗಾಗಿ ರೊಟ್ಟಿ ಬಡಿಯೂ ಕೆಲಸ ನಂದು. ಶೋಭಾಳ ರೊಟ್ಟಿ ಹರಿತಿದ್ದವು, ನನ್ನವು ಹರಿತಿದ್ದಿಲ್ಲ. ಆವಾಗ ನನಗ ಅದರ ಮ್ಯಾಲೆ ಭಾಳ ಜಂಬ ಇತ್ತು.

ಮೂರು ತುಂಬೂದ್ರಾಗ ಮೈಮ್ಯಾಲೆ ಗಂಧಿ ಏಳಾಕ ಹತ್ತಿದವು. ತುಟಿ ಬಾಯೂದು, ರೆಪ್ಪಿ ಬಾಯೂದು. ಹೊಟ್ಟಿ ಅಂತೂ ದಿನಾ ಕೆಟ್ಟದ್ದ. ದಿನಕ್ಕ ಐದು ಸಲ, ಆರು ಸಲ, ಹಸರು, ಮನಿ ತುಂಬ ಗಬ್ಬು ವಾಸನಿ. ತೊಳದು ತೊಳದು ನನ್ನ ಕೈ ಬಿರದು ಹೋಗಿದ್ದವು. ಅಕಿಗೆ ನೋವು ಅಂತ ಹೇಳಾಕ ಬರೂದಿಲ್ಲ. ಹೊಟ್ಟಿ ಹಿಡಕೊಂಡು ಮೂಲ್ಯಾಗ ಹಿಂದ ಮುಂದ ತೂಗ್ತಿದ್ದಳು. ಮಂದಿ ಅದನ್ನೂ ಆಟಿಸಂ ಲೆಕ್ಕದಾಗ ಹಾಕಿದ್ರು. ಹುಚ್ಚ ಮಂದಿ. ಹೊಟ್ಟಿ ಮುರದ್ರ ಯಾರಾದ್ರೂ ಹಿಂಡಿ ಹಿಂಡಿ ಆಗ್ತಾರ.

ಮತ್ತ ಬಾಗಲಕೋಟಿಗೆ ಹೋದ್ವಿ. ಚರ್ಮ ಚುಚ್ಚಿ, ರಕ್ತ ತಗದು, ಗೋಧಿ ಆಗೂದಿಲ್ಲ ಅಂತ ಹೇಳಿದ್ರು. ಗೋಧಿ, ರವಾ, ಮೈದಾ, ಶಾವಗಿ, ಬಿಸ್ಕೀಟು, ಬ್ರೆಡ್ಡು, ಯಾವದೂ ಬ್ಯಾಡ. ಚೂರೂ ಬ್ಯಾಡ. "ಬಾಯಿ ಬಾತು ಉಸಿರು ಸಿಕ್ಕೊಂಡ್ರ ಮನಿ ಔಷಧ ಮಾಡಕೋಂತ ಕುಂದ್ರಬ್ಯಾಡ್ರಿ, ಸೀದಾ ದವಾಖಾನಿಗೆ ತರ್ರಿ" ಅಂದ್ರು ಡಾಕ್ಟರು.

ಮನ್ಯಾನ ಗೋಧಿ ಎಲ್ಲಾ ಎತ್ತಿ ಮಂದಿಗೆ ಕೊಟ್ವಿ. ಡಬ್ಬಿ ತೊಳದ್ವಿ, ಹಂಚು ಸುಟ್ವಿ, ಹಿಟ್ಟು ನಾದೂ ಕೊಣಮಿಗಿ ಹೊಸಾದು ತಂದ್ವಿ. ಹದಿನೈದು ದಿನ ಆತು, ತಿಂಗಳಾತು, ಗಂಧಿ ಕಡಿಮಿ ಆಗವಲ್ಲವು. ಅಕಿ ತಿನ್ನೂದ ಮೂರು. ಮೂರರಾಗೂ ಗೋಧಿ ಇಲ್ಲ. ಮತ್ತ ಎಲ್ಲಿಂದ ಬರತೈತಿ?

ಒಂದಿನ ಶೋಭಾ ಕೇಳೇಬಿಟ್ಟಳು. "ಅತ್ತಿ, ಖರೆ ಹೇಳ್ರಿ. ನಾ ಇಲ್ಲದಾಗ ಏನರ ಕೊಡ್ತೀರೇನು?"

"ಏನ್ ಕೊಡ್ಲಿ?"

"ಹೋಳಿಗಿ ಚೂರೋ, ಬಿಸ್ಕೀಟೋ. ಪಾಪ ಅಂತ ಕೊಟ್ಟಿರಬೇಕು."

"ಪಾಪ ಅನ್ನೂ ರೋಗ ನನಗಿಲ್ಲ" ಅಂದೆ. ಅಕಿ ನಂಬಲಿಲ್ಲ. ಅಂದಿನಿಂದ ನೀರು ತರಾಕ ಹೋದ್ರೂ ಕೂಸಿನ್ನ ಕಟಗೊಂಡ ಹೋಗಾಕ ಹತ್ತಿದ್ಲು. ಒಂದ ಒಲಿ ಮ್ಯಾಲೆ ಅಡಗಿ ಮಾಡೂ ಇಬ್ಬರು ಹೆಂಗಸರು ಒಬ್ಬರ ಕೈ ಒಬ್ಬರು ಕಾಯ್ಕೊಂತ ಕುಂತ್ರ ಆ ಮನಿ ಹೆಂಗಿರತೈತಿ? ಅಕಿ ಮ್ಯಾಲೆ ನನಗ ಸಿಟ್ಟಿರಲಿಲ್ಲ. ನನ್ನ ಕೂಸಾಗಿದ್ರ ನಾನೂ ಹಂಗ ಕಾಯ್ತಿದ್ದೆ. ಆದ್ರ ಅಕಿ ಕಣ್ಣು ಕಂಡ್ರ ನನಗ ತುತ್ತು ಇಳಿತಿದ್ದಿಲ್ಲ.

ಶ್ರಾವಣದಾಗ ಒಂದಿನ ಶೋಭಾ ಜ್ವರ ಬಂದು ಮಲಗಿದ್ದಳು. ನಾ ತಗಡಿನ ಡಬ್ಬಿ ತಲಿ ಮ್ಯಾಲಿಟ್ಟು, ಸಾನಿ ಕೈ ಹಿಡದು ಗಿರಣಿಗೆ ಹೋದೆ. ಮಿಕ್ಸರಿಗೆ ಚೀರೂ ಕೂಸು ಗಿರಣಿ ಸಪ್ಪಳಕ್ಕ ಏನ್ ಮಾಡತೈತೋ ಅಂತ ಅಂಜಿಕಿ ಇತ್ತು. ಒಳಗ ಹೋದ್ಲು, ಚಕ್ರದ ಮ್ಯಾಲೆ ತಿರಗೂ ಪಟ್ಟಾ ನೋಡಿದ್ಲು, ನಿಂತ ಬಿಟ್ಟಳು. ಕಿವಿ ಮುಚ್ಚಲಿಲ್ಲ. ಕಣ್ಣು ಪಿಳಕಿಸಲಿಲ್ಲ. ಆ ಪಟ್ಟಾದಾಗ ಒಂದು ಕಡೆ ಹೊಲಗಿ ಹಾಕಿದ ಗಂಟು ಇತ್ತು. ಅದು ಸುತ್ತಿ ಬಂದಾಗೆಲ್ಲಾ ಬಟ್ಟು ಅಲಗಾಡಿಸ್ತಿದ್ದಳು.

ಸರದಿ ಉದ್ದ ಇತ್ತು. ನಮ್ಮ ಮುಂದ ನೀಲಿ ಬಕೀಟಿನಾಕಿ. ಅಕಿ ಮುಂದ ಒಬ್ಬಾಕಿ ಗೋಧಿ ಹಾಕಿ ಮುಗಿಸಿದ್ಲು. ನೀಲಿ ಬಕೀಟಿನ್ಯಾಗ ಕಡ್ಲಿಬ್ಯಾಳಿ ಇತ್ತು. ನಾ ಅಕಿಗೆ, "ತಂಗಿ, ಕೂಸಿನ್ನ ಕರಕೊಂಡು ಬಂದೇನಿ, ನನ್ನ ಮುಂದ ಬಿಡು" ಅಂದೆ. ಬಿಟ್ಟಳು. ನಾ ಲಗುಲಗು ಹೋಗಿ ಕಲ್ಲಿನ ಬಾಯಿಗೆ ಜ್ವಾಳ ಸುರಿಯಾಕ ನಿಂತೆ. ಈರಪ್ಪ ಡಬ್ಬಿ ಹಿಡದಾಂವ ಬಿಡವಲ್ಲ.

"ಏ ತಗಡಿನ ಡಬ್ಬಿ, ಆ ಕೂಸಿನ ಮಾರಿ ಯಾಕ ಹಂಗ ಬಾತೈತಿ?"

ಮಂದಿ ಮಾರಿ ನೋಡದಾಂವ ಅಕಿ ಮಾರಿ ಯಾವಾಗ ನೋಡಿದ್ನೋ! "ಗೋಧಿ ಆಗೂದಿಲ್ಲಂತ. ಮನ್ಯಾಗ ಗೋಧಿನ ಇಲ್ಲ, ಆದ್ರೂ ಕಡಿಮಿ ಆಗವಲ್ದು" ಅಂದೆ.

ಅಂವಾ ಸ್ವಿಚ್ ಬಂದ್ ಮಾಡಿದ. ಪಟ್ಟಾ ನಿಂತಿತು. ಸಾನಿ ಚೀರಿದ್ಲು. ಹಿಂದಿನ ಹೆಂಗಸರು, "ಏ ಕಾಕಾ, ಕರೆಂಟ್ ಹೋತೇನು?" ಅಂತ ಗದ್ದಲ ಮಾಡಿದ್ರು.

"ತಗಡಿನ ಡಬ್ಬಿ, ನೀ ನನಗ ಒಂದ ಮಾತು ಹೇಳು" ಅಂದ. "ಮೂವತ್ತು ವರ್ಷ ಆತು ನೋಡಾಕ ಹತ್ತೇನಿ. ನೀ ಯಾವಾಗ ಬಂದ್ರೂ ಗೋಧಿ ಹಿಂದನ ನಿಂದರ್ತಿ. ಕಡ್ಲಿ ಹಿಂದ ಸರದಿ ಬಂದ್ರ ಇನ್ನೊಬ್ಬಾಕಿನ್ನ ಮುಂದ ಬಿಡ್ತಿ. ಯಾಕ?"

ಯಾಕ ಅಂತ ಅಲ್ಲಿದ್ದ ಎಲ್ಲಾರಿಗೂ ಗೊತ್ತಿತ್ತು. ಕಡ್ಲಿ ಹಿಂದ ಜ್ವಾಳ ಬೀಸಿದ್ರ ರೊಟ್ಟಿ ಕೆಡತಾವ. ಗೋಧಿ ಹಿಂದ ಬೀಸಿದ್ರ ಕಲ್ಲಿನ್ಯಾಗ ಉಳದ ಗೋಧಿ ಹಿಟ್ಟು ಜ್ವಾಳದ ಕೂಡ ಬೀಳತೈತಿ, ಜಿಗಿ ಬರತೈತಿ, ರೊಟ್ಟಿ ಹರಿಯೂದಿಲ್ಲ. ನಮ್ಮವ್ವ ನನಗ ಕಲಿಸಿದ್ದು ಇದು. ಅಡಗಿ ಮನಿ ಹುಷಾರಿಕಿ. ಸಾನಿ ಸೀಳಿದ ರೊಟ್ಟಿ ಮುಟ್ಟೂದಿಲ್ಲ ಅಂತ ನಾ ವಾರಾ ವಾರಾ ತಪ್ಪದ ಗೋಧಿ ಹಿಂದ ಕಾದು ನಿಂದರ್ತಿದ್ದೆ.

ಸಾನಿ ಕಡೆ ತಿರುಗಿ ಅಕಿ ಬಾತ ತುಟಿ ನೋಡಿದೆ.

"ನೀನ ಹಾಕಾಕತ್ತಿ ಕೂಸಿಗೆ" ಅಂದ ಈರಪ್ಪ. "ಮನ್ಯಾಗ ಹುಡುಕಿದ್ರ ಎಲ್ಲಿ ಸಿಗತೈತಿ? ಇಲ್ಲಿ ಐತಿ ನೋಡು." ಕಲ್ಲಿನ ಕೆಳಗ ಹಿಟ್ಟು ಇಳಿಯೂ ಅರಿವಿ ತೋಳು ಹಿಡದು ಜಾಡಿಸಿದ. ಒಂದು ಬೊಗಸಿ ಹಿಟ್ಟು ದಪ್ ಅಂತ ಬಿತ್ತು. ಅದು ಜ್ವಾಳ ಆಗಿರಲಿಲ್ಲ.

ಹಿಂದಿನಾಕಿ ಒಬ್ಬಾಕಿ, "ಇಷ್ಟೀಟು ಹಿಟ್ಟಿಲೆ ಏನಾಗತೈತಿ ಕಾಕಾ? ನಾವೆಲ್ಲಾ ತಿಂದು ಗಟ್ಟಿ ಇಲ್ಲೇನು?" ಅಂದ್ಲು.

ಈರಪ್ಪ ಅಕಿ ಕಡೆ ತಿರುಗಿ ತನ್ನ ಮೂಗಿಗೆ ಬಟ್ಟು ಮಾಡಿದ. "ಇದನ್ನ ನೋಡಿ ಹೇಸಿಗಿ ಪಡ್ತೀರಲ್ಲ, ಇದು ಯಾಕ ಸೋರತೈತಿ ಗೊತ್ತೈತೇನು? ಜ್ವಾಳ ಬೀಸೂ ದಿನಾ ಆರಾಮ ಇರ್ತೇನಿ. ಗೋಧಿ ಬೀಸಿದ್ರ ಮೂಗು ಹರಿತೈತಿ, ಎದಿ ಸೀಟಿ ಹೊಡಿತೈತಿ. ದೊಡ್ಡ ದವಾಖಾನಿಯಾಗ ಹೇಳ್ಯಾರ, ಗೋಧಿ ಧೂಳಿ ನಿನಗ ಆಗೂದಿಲ್ಲ, ಗಿರಣಿ ಬಿಡು ಅಂತ. ಬಿಟ್ಟು ಏನ್ ಮಾಡ್ಲಿ, ನಿಮ್ಮ ಮನಿಗೆ ಬಂದು ರೊಟ್ಟಿ ಬಡಿಲೇನು?"

ಹೆಂಗಸರು ನಕ್ಕರು. ನಾ ನಗಲಿಲ್ಲ. ಹೊಳ್ಳಿ ಮನಿಗೆ ಹೋಗಿ, ಜ್ವರದಾಗ ಮಲಗಿದ ಸೊಸಿ ಮುಂದ ನಿಂತು ಹೇಳಿದೆ: "ನೀ ಅಂದದ್ದು ಖರೆ. ಕೊಟ್ಟಾಕಿ ನಾನ. ಗೊತ್ತಿಲ್ದ ಕೊಟ್ಟೆ, ಆದ್ರ ಕೊಟ್ಟಾಕಿ ನಾನ." ಅಕಿ ಎಲ್ಲಾ ಕೇಳಿದ್ಲು. ಎದ್ದು ಹೋಗಿ ಇದ್ದ ಹಿಟ್ಟೆಲ್ಲಾ ಗಟಾರಕ್ಕ ಸುರುವಿದ್ಲು. ಆ ಜ್ವರದಾಗ.

ಸೋಮವಾರ ಗಿರಣಿ ಬಂದ್ ಇರ್ತಿತ್ತು. ಆ ಸೋಮವಾರ ಮುಂಜಾನೆ ಈರಪ್ಪನ ಹೇಳಿ ಕಳಿಸಿದ, ತಗಡಿನ ಡಬ್ಬಿ ಬರಲಿ ಅಂತ. ಹೋಗಿ ನೋಡಿದ್ರ ಕಲ್ಲು ಬಿಚ್ಚಿ ನೆಲದ ಮ್ಯಾಲೆ ಇಟ್ಟಿದ್ದ. ತಂತಿ ಕುಂಚಲೆ ಒಂದೊಂದು ಗೀರಿನ್ಯಾಗಿನ ಹಿಟ್ಟು ಕೆದರಿ ಕೆದರಿ ತಗದಿದ್ದ. ಅರಿವಿ ತೋಳು ಹೊಸಾದು ಹೊಲಿಸಿದ್ದ, ಅದಕ್ಕ ಕೆಂಪು ದಾರದ ಗುರುತು. ಮೊದಲ ತನ್ನ ಮನಿ ಜ್ವಾಳ ಎರಡು ಸೇರು ಹಾಕಿ ಬೀಸಿ, ಆ ಹಿಟ್ಟು ಎಮ್ಮಿ ಬುಟ್ಟಿಗೆ ಸುರುವಿದ. ಆಮ್ಯಾಲೆ ನಂದು ಹಾಕಿದ. ಮೂಗಿಗೆ ಪಂಜಾದ ಅರಿವಿ ಕಟಗೊಂಡಿದ್ದ. ಅವನ ಜನ್ಮದಾಗ ಮೊದಲ ಸಲ.

"ಇಷ್ಟ ಬುದ್ಧಿ ಇದ್ದಾಂವ ನಮ್ಮ ಹಿಟ್ಟಿಗೆ ಯಾಕ ಕಟಗೋಳಿಲ್ಲೋ ಯಣ್ಣಾ?" ಅಂದೆ.

"ನಿಮಗ ಏನಾಗೇತಿ ಧಾಡಿ? ಕಲ್ಲು ತಿಂದ್ರೂ ಕರಗಸ್ತೀರಿ" ಅಂದ.

ಬರೇ ಜ್ವಾಳದ ಹಿಟ್ಟಿನ ರೊಟ್ಟಿ ಬಡಿಯೂದು ನಾ ಮತ್ತ ಮೊದಲಿಂದ ಕಲಿಬೇಕಾತು. ಎಸರು ಕಳ ಕಳ ಕುದಿಸಿ, ಬಿಸಿ ಇದ್ದಾಗನ ನಾದಬೇಕು, ಕೈ ಸುಟ್ರೂ ಬಿಡಬಾರದು. ಮೊದಲ ವಾರ ಹತ್ತು ಬಡದ್ರ ಎಂಟು ಹರದು ಹ್ವಾದವು. ಹರದದ್ದು ನಾವು ತಿಂದ್ವಿ, ಎರಡು ಸಾನಿಗೆ. ಎರಡನ ವಾರ ಐದು. ಗಂಧಿ ಅಡಗಿದವು. ಹೊಟ್ಟಿ ಕಟ್ಟಿತು. ಒಂದಿನ ಅಕಿಗೆ ಸಂಡಾಸ ಗಟ್ಟಿ ಆದದ್ದು ನೋಡಿ ನಾನೂ ಶೋಭಾನೂ ಬಾಗಿಲದಾಗ ನಿಂತು ಒಬ್ಬರ ಮಾರಿ ಒಬ್ಬರು ನೋಡಿ ನಕ್ವಿ. ನೋಡಿದವರು ಹುಚ್ಚ ಹಿಡದೈತಿ ಅಂತಿದ್ರು.

ನಾಕು ವರ್ಷ ಸೋಮವಾರ ತಪ್ಪಲಿಲ್ಲ. ಸಾನಿನ್ನ ಕರಕೊಂಡು ಹೋಗ್ತಿದ್ದೆ. ಅಂವಾ ಅಕಿನ್ನ ಮಾತಾಡಸ್ತಿದ್ದಿಲ್ಲ, ಗಲ್ಲ ಹಿಂಡ್ತಿದ್ದಿಲ್ಲ, "ಹೆಸರು ಹೇಳು ಪುಟ್ಟಿ" ಅಂತ ಜೀವ ತಿಂತಿದ್ದಿಲ್ಲ. ಪಟ್ಟಾ ಕಾಣೂ ಕಡೆ ಒಂದು ಬೋರಲ ಡಬ್ಬಿ ಇಟ್ಟಿದ್ದ, ಅದರ ಮ್ಯಾಲೆ ಅಕಿ ಕುಂದ್ರಾಕಿ. ಬಂದ್ ಮಾಡೂ ಮೊದಲು ಅಂವಾ ಪಟ್ಟಾದ ಮುಂದ ಮೂರು ಸಲ ಕೈ ಬೀಸ್ತಿದ್ದ. ಮೂರು ಆದ್ರ ನಿಂದರತೈತಿ ಅಂತ ಅಕಿಗೆ ತಿಳೀತು. ಚೀರೂದು ಬಿಟ್ಟಳು. ಇದನ್ನ ಅವಂಗ ಯಾವ ಡಾಕ್ಟರೂ ಕಲಿಸಿರಲಿಲ್ಲ.

ಡಾಕ್ಟರು ಹೇಳಿದ್ದನ್ನ ಗಿರಣಿಯಾಂವ ತಿಳಕೊಂಡ. ಬಳಗದವರಿಗೆ ಮಾತ್ರ ತಿಳೀಲಿಲ್ಲ. ಅವರಷ್ಟು ಹೇಸಿಗಿ ನನಗ ಈರಪ್ಪನ ಮೂಗಿಂದೂ ಬರಲಿಲ್ಲ.

ನನ್ನ ನಾದಿನಿ ಕಲ್ಲವ್ವ, ಕೆರೂರಾಕಿ. ಒಂದು ಬಸವ ಜಯಂತಿಗೆ ನಮ್ಮ ಮನಿಗೆ ಬಂದ್ಲು. ಮಠದಿಂದ ಗೋಧಿ ಹುಗ್ಗಿ ಪ್ರಸಾದ ತಂದಿದ್ಲು, ಡಬ್ಬಿ ತುಂಬ, ತುಪ್ಪ ಸೋರಾಕತ್ತಿತ್ತು. ಬಾಗಿಲದಾಗನ ಹೇಳಿದೆ, "ಕಲ್ಲವ್ವಾ, ಅದನ್ನ ಒಳಗ ತರಬ್ಯಾಡ, ಕೂಸಿಗೆ ಆಗೂದಿಲ್ಲ."

"ಏನ್ ವೈನಿ, ಪ್ರಸಾದಕ್ಕ ಹಂಗ ಅಂತಾರೇನು? ಬಾಯಿ ತೊಳಕೊ. ನೀವು ಆ ಹುಡುಗಿಗೆ ಒಣ ರೊಟ್ಟಿ ತಿನಿಸಿ ತಿನಿಸಿ ಅದು ಹಿಂಗಾಗೇತಿ. ಸಿಹಿ ತಿಂದ್ರ ಮಾತರ ಬರತಿತ್ತು."

ನಾ ನೀರು ತರಾಕ ಒಳಗ ಹೋದೆ. ಹೊಳ್ಳಿ ಬರೂದ್ರಾಗ ಸಾನಿನ್ನ ತೊಡಿ ಮ್ಯಾಲೆ ಒತ್ತಿ ಹಿಡದು, ಗಲ್ಲ ಅಮುಕಿ, ಬಾಯಾಗ ಹುಗ್ಗಿ ತುರುಕಿದ್ಲು. "ಒಂದು ತುತ್ತಿಗೆ ಸಾಯೂದಿಲ್ಲ, ನುಂಗು ನುಂಗು" ಅಂತಿದ್ಲು. ನಾ ಹಾರಿ ಹೋಗಿ ಕಸಕೊಂಡು ಬಾಯಾಗ ಬಟ್ಟು ಹಾಕಿ ತಗದೆ. ಕೂಸು ಬಟ್ಟು ಕಡೀತು, ರಕ್ತ ಬಂತು. ಅರ್ಧ ಹೊರಗ ಬಂತು, ಅರ್ಧ ಒಳಗ ಹೋಗಿತ್ತು. ನೋಡನೋಡ್ತ ತುಟಿ ಬದನಿಕಾಯಿ ಆತು. ಎದಿಯಾಗ ಸೀಟಿ ಸಪ್ಪಳ. ಆಮ್ಯಾಲೆ ಗಳ್ ಅಂತ ವಾಂತಿ ಮಾಡಿಕೊಂಡ್ಲು, ನನ್ನ ಮ್ಯಾಲೆ, ಕಲ್ಲವ್ವನ ಮ್ಯಾಲೆ.

ಕಲ್ಲವ್ವ ಎದ್ದು ನಿಂತು ಮೂಗು ಮುಚ್ಚಿಕೊಂಡು ಏನಂದ್ಲು ಗೊತ್ತೇನು? "ಅಯ್ಯ, ಹೊಸಾ ಸೀರಿ ಹೊಲಸಾತು!"

ಶೋಭಾ ಬರಿಗಾಲಿಲೆ ಕೂಸಿನ್ನ ಎತಗೊಂಡು ಓಡಿದ್ಲು, ಓಣಿ ಆಟೋದಾಂವ ದವಾಖಾನಿಗೆ ಮುಟ್ಟಿಸಿದ. ತೊಡಿಗೆ ಸೂಜಿ ಹಾಕಿದ ಮ್ಯಾಲೆ ಕೂಸು ಸರಳ ಉಸಿರಾಡ್ತು. ಸಂಜಿಮಟ ಅಲ್ಲೇ ಇಟಗೊಂಡ್ರು. ನಾವು ಹೊಳ್ಳಿ ಬಂದಾಗ ಕಲ್ಲವ್ವ ಸೀರಿ ತೊಳದು ಒಣ ಹಾಕಿ, ಉಳದ ಹುಗ್ಗಿ ತಾನ ತಿಂದು ಕುಂತಿದ್ಲು. "ಪ್ರಸಾದ ಕೆಡಸಬಾರದಲ್ಲ" ಅಂದ್ಲು. ಆ ಡಬ್ಬಿ ಎತ್ತಿ ಬೀದಿಗೆ ಒಗದೆ. ಹಿಂದನ ಅಕಿ ಗಂಟೂ ಒಗದೆ. ಹಸಿ ಸೀರಿ ಸುತಗೊಂಡು ಬಸ್ಸಿಗೆ ಹೋದ್ಲು.

ಆ ಸುದ್ದಿ ಈರಪ್ಪಗ ಮುಟ್ಟಿತ್ತು. ಎರಡು ತಿಂಗಳ ಮ್ಯಾಲೆ ಕಲ್ಲವ್ವ ಇದ ಓಣ್ಯಾಗಿನ ತನ್ನ ಮಗಳ ಮನಿಗೆ ಬಂದು, ಮಗಳ ಗೋಧಿ ಹೊತಗೊಂಡು ಗಿರಣಿಗೆ ಹೋಗ್ಯಾಳ. ಅಂವಾ ಜನ್ಮದಾಗ ಒಬ್ಬಾಕಿ ಹೆಸರು ಹಿಡದು ಕರದದ್ದು ಅವತ್ತ ಅಂತ. "ಕೆರೂರ ಕಲ್ಲವ್ವಾ, ನಿನ್ನ ಗೋಧಿ ಒಯ್ಯಿ. ನಾ ಬೀಸೂದಿಲ್ಲ."

"ಯಾಕ? ನಾ ರೊಕ್ಕ ಕೊಡೂದಿಲ್ಲೇನು?"

"ರೊಕ್ಕ ಎಲ್ಲಾರೂ ಕೊಡ್ತಾರ. ನಿನ್ನ ಡಬ್ಬಿ ಕಂಡ್ರ ನನಗ ವಾಂತಿ ಬರತೈತಿ. ನಿನ್ನ ಸೀರಿ ಹೊಲಸ ಆದೀತು, ಹೋಗು."

ಸರದಿಯಾಗಿದ್ದ ಹೆಂಗಸರು ಅದನ್ನ ಓಣಿ ತುಂಬ ಹೇಳಿಕೋಂತ ತಿರಗಿದ್ರು. ಮಗಳು ಸುದ್ದಾ ನಕ್ಕಳಂತ.

ಹ್ವಾದ ವರ್ಷ ಈರಪ್ಪನ ಎದಿ ಪೂರಾ ಕೆಟ್ಟಿತು. ಹತ್ತು ಹೆಜ್ಜಿ ನಡದ್ರ ನಿಂತು ಮೇಲುಸಿರು ಎಳಿತಿದ್ದ. ಮಗ ಗಿರಣಿ ಬಂದ್ ಮಾಡಿ, ಕಲ್ಲು ಮಾರಿ, ಆ ಖೋಲಿಯಾಗ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟ. ಬ್ಯಾರೆ ಗಿರಣಿಯವರನ್ನ ಕೇಳಿದ್ವಿ. ಒಬ್ಬಾಂವ, "ಒಂದು ಡಬ್ಬಿ ಸಲುವಾಗಿ ಕಲ್ಲು ಬಿಚ್ಚಬೇಕಾ? ಅಜ್ಜಿ, ತಲಿ ಸರಿ ಐತಿಲ್ಲ?" ಅಂದ. ಇನ್ನೊಬ್ಬಾಂವ ಹೂಂ ಅಂದ, ಆದ್ರ ಅವನ ಕಣ್ಣು ನೋಡಿ ನಾನ ಬ್ಯಾಡ ಅಂದೆ. ನನ್ನ ಮಗ ಮನ್ಯಾಗ ಇಡೂ ಸಣ್ಣ ಕರೆಂಟಿನ ಗಿರಣಿ ತಂದ. ಕಪಾಟಿನಂಥಾದ್ದು, ಬೆಳ್ಳಗ. ಅದರಾಗ ಜ್ವಾಳ ಬಿಟ್ಟು ಯಾವ ಕಾಳೂ ಬಿದ್ದಿರಲಿಲ್ಲ. ಎಲ್ಲಾರೂ ಖುಷಿ ಆದ್ವಿ.

ಸಾನಿ ಆ ಹಿಟ್ಟಿನ ರೊಟ್ಟಿ ತಿನ್ನಲಿಲ್ಲ.

ಗುಂಡಗ ಇತ್ತು, ಸೀಳಿರಲಿಲ್ಲ. ಕೈಯಾಗ ತಗೊಂಡ್ಲು, ತುಟಿಗೆ ತಾಗಿಸಿದ್ಲು, ಕೆಳಗಿಟ್ಟಳು. ಒಗೀಲಿಲ್ಲ, ಚೀರಲಿಲ್ಲ. ಇದು ರೊಟ್ಟಿ ಅಲ್ಲ ಅಂತ ಅಕಿಗೆ ಖಾತ್ರಿ ಆಗಿತ್ತು, ಅಷ್ಟ. ಒಂದಿನ, ಎರಡು ದಿನ, ಬಾಳಿಹಣ್ಣು ಮಜ್ಜಿಗಿ ಮ್ಯಾಲೆ ಇದ್ಲು. ಮೂರನೇ ದಿನ ಬಾಳಿಹಣ್ಣೂ ಬ್ಯಾಡಾತು. ಏಳು ವರ್ಷದ ಕೂಸು, ಪಕ್ಕಡಿ ಎಲುಬು ಎಣಿಸಬಹುದಿತ್ತು. ಡಾಕ್ಟರಿಗೆ ಫೋನ್ ಮಾಡಿದ್ರ ಕರಕೊಂಡು ಬರ್ರಿ, ಮೂಗಿನ್ಯಾಗ ನಳಿ ಹಾಕಬೇಕಾಗಬಹುದು ಅಂದ್ರು. ಮೈ ಮುಟ್ಟಿಸಿಕೊಳ್ಳದ ಕೂಸಿನ ಮೂಗಿನ್ಯಾಗ ನಳಿ!

ಶೋಭಾ ಯಾರಿಗೂ ಹೇಳದ ಈರಪ್ಪನ ಮನಿಗೆ ಹ್ವಾದ್ಲು.

ಮಧ್ಯಾಹ್ನ ಅಂವಾ ಬಂದ. ಬಡಿಗಿ ಊರಕೋಂತ, ಎರಡು ಮನಿಗೊಮ್ಮೆ ಕಟ್ಟಿ ಮ್ಯಾಲೆ ಕುಂತು ಕುಂತು ಬಂದ. ಸಾನಿ ಕಡೆ ನೋಡಲಿಲ್ಲ. ಸೀದಾ ಗಿರಣಿ ಹಂತ್ಯಾಕ ಹೋಗಿ ಹಿಟ್ಟು ಚಿವುಟಿದ, ಬಟ್ಟಿನ್ಯಾಗ ತಿಕ್ಕಿದ, ನಾಲಿಗಿ ಮ್ಯಾಲೆ ಇಟಗೊಂಡ.

"ಇದನ್ನ ಮಾರಿಗೆ ಹಚಗೋ ತಗಡಿನ ಡಬ್ಬಿ, ಬೆಳ್ಳಗಾಗ್ತಿ" ಅಂದ. "ಇದು ಹಿಟ್ಟಲ್ಲ, ಪೌಡರು. ಕೂಸು ಏನ್ ಸುಳ್ಳು ಹೇಳತೈತಿ?"

ಕೆಳಗಿನ ಜಾಳಿ ಬಿಚ್ಚಿಸಿದ. ಗಿರಣಿ ಕೂಡ ನಾಕು ಜಾಳಿ ಕೊಟ್ಟಿದ್ರು. ನಾವು ಸಣ್ಣ ತೂತಿಂದು ಹಾಕಿದ್ವಿ, ಸಣ್ಣ ಹಿಟ್ಟಾದ್ರ ರೊಟ್ಟಿ ಚಂದ ಅಂತ. ಅಂವಾ ಅದರ ಮ್ಯಾಲಿಂದು ಹಾಕಿಸಿ ಎರಡು ಹಿಡಿ ಬೀಸಿಸಿದ, ಚಿವುಟಿದ, ತಲಿ ಅಲಗಾಡಿಸಿದ. ಇನ್ನೂ ದಪ್ಪಂದು ಹಾಕಿಸಿದ. ಜ್ವಾಳ ಒಮ್ಮೆಲೆ ಸುರುವಬ್ಯಾಡ, ಸಣ್ಣಗ ಬಿಡು, ಹಿಟ್ಟು ಕಾಯಬಾರದು ಅಂದ. ನಾ ಕಣ್ಣಾಗ ನೀರು ಬರೂಹಂಗ ಬಿಸಿ ಎಸರಿನ್ಯಾಗ ನಾದಿ ಮೂರು ರೊಟ್ಟಿ ಬಡದೆ, ಹಂಚಿನ ಮ್ಯಾಲೆ ಒತ್ತಿ ಖಡಕ್ ಮಾಡಿದೆ.

ಸಾನಿ ಮುಂದ ಇಟ್ವಿ. ಶೋಭಾ ಉಸಿರ ಹಿಡದು ನಿಂತಿದ್ಲು. ಈರಪ್ಪ ಆ ಕಡೆ ಮಾರಿ ಮಾಡಿ, "ನೀವಿಬ್ಬರೂ ಗೂಗಿ ಹಂಗ ನೋಡಿದ್ರ ನಾನೂ ಉಣ್ಣೂದಿಲ್ಲ. ಆ ಕಡೆ ತಿರಗ್ರಿ" ಅಂದ. ತಿರಗಿದ್ವಿ. ಗ್ವಾಡಿ ನೋಡ್ಕೋಂತ ನಿಂತ್ವಿ, ಮೂರೂ ಮಂದಿ. ಭಾಳ ಹೊತ್ತಾತು.

ಕಟಕ್ ಅಂತ ಸಪ್ಪಳ ಬಂತು. ಮತ್ತೊಂದು. ಖಡಕ್ ರೊಟ್ಟಿ ಕಡಿಯೂ ಸಪ್ಪಳ.

ಶೋಭಾ ಸೆರಗು ಬಾಯಿಗೆ ಒತಗೊಂಡ್ಲು. ಈರಪ್ಪ ಬಡಿಗಿ ತಗೊಂಡ. "ಜಾಳಿ ವಾರಕ್ಕೊಮ್ಮೆ ಜಾಡಸ್ರಿ. ಇದರಾಗ ಬ್ಯಾರೆ ಕಾಳು ಹಾಕಿದ್ರ ಬಂದು ಕೈ ಮುರಿತೇನಿ" ಅಂದ. ಚಾ ಕುಡದು ಹೋಗು ಅಂದೆ. "ನಿನ್ನ ಚಾ ಕುಡದೇನಿ, ನಿನ್ನ ಗಂಡ ಇದ್ದಾಗ. ಕುಡದ ಮ್ಯಾಲೆ ಎರಡು ದಿನ ಬಾಯಿ ಸರಿ ಇರಲಿಲ್ಲ" ಅಂತ ಹೋದ. ಆಮ್ಯಾಲೆ ಅವನ್ನ ನಾ ಜೀವಂತ ನೋಡಲಿಲ್ಲ. ತಿಂಗಳ ತುಂಬಲಿಲ್ಲ, ಎದಿ ಕಟ್ಟಿ ಹೋದ.

ಅವನ ದಿವಸದ ಊಟಕ್ಕ ಕರದಿದ್ರು. ಹೋದೆ. ಎಲಿ ಮುಂದ ಕುಂತೆ. ಮೊದಲ ಬಂದದ್ದು ಗೋಧಿ ಹುಗ್ಗಿ. ನನ್ನ ಮೈಯೆಲ್ಲಾ ಉರೀತು. ಬಡಸಾಕ ಬಂದ ಅವನ ಸೊಸಿ ಕೈ ಹಿಡದೆ. "ಏನವಾ, ಗೋಧಿ ಧೂಳಿ ಕುಡದು ಸತ್ತಾಂವನ ಹೆಸರಿಲೆ ಗೋಧಿ ಮಾಡೀರೇನು? ಬ್ಯಾರೆ ಏನೂ ಸಿಗಲಿಲ್ಲ?"

ಆ ಹುಡುಗಿ ಬೆರಗಾಗಿ ನೋಡಿದ್ಲು. "ಇಲ್ಲಬೇ ಅಮ್ಮಾ, ಮಾಂವಗ ಹುಗ್ಗಿ ಅಂದ್ರ ಜೀವಾ. ಧೂಳಿ ಒಂದ ಆಗ್ತಿರಲಿಲ್ಲ, ಉಂಡ್ರ ಏನೂ ಆಗ್ತಿರಲಿಲ್ಲ. ಕಡೀಕೂ ಎರಡು ಚಮಚಾ ತಿಂದು ಹ್ವಾದ್ರು."

ನಾ ಅಕಿ ಕೈ ಬಿಟ್ಟೆ. ಒಂದು ಸೌಟು ಹಾಕಿದ್ಲು. ಮನ್ಯಾಗ ಗೋಧಿ ಬಂದ್ ಆಗಿ ನಾಕು ವರ್ಷ ಮ್ಯಾಲಾಗಿತ್ತು, ನನ್ನ ಬಾಯಿಗೂ ಬಿದ್ದಿರಲಿಲ್ಲ. ಜೊಲ್ಲಿನಂಗ ಸೋರೂ ತುಪ್ಪ, ಬಟ್ಟಿಗೆ ಅಂಟೂ ಬೆಲ್ಲ. ಮಗ್ಗಲದಾಕಿ ಬಟ್ಟು ಚೀಪತಿದ್ಲು. ಮೊದಲನೇ ತುತ್ತಿನ್ಯಾಗ ಅದರ ಜಿಗಿ ಅಷ್ಟ ನನಗ ತಿಳೀತು, ಸಿಹಿ ತಿಳೀಲಿಲ್ಲ. ಹೇಸಿಗಿ ಬಂತು. ಆದ್ರೂ ಎಲ್ಲಾ ಉಂಡೆ. ಎಲಿ ಮ್ಯಾಲೆ ಒಂದು ಕಾಳು ಬಿಡಲಿಲ್ಲ.

ಮನಿಗೆ ಬಂದು ಹಿತ್ತಲ ಬಾಗಿಲದಿಂದ ಸೀದಾ ಬಚ್ಚಲಕ್ಕ ಹೋದೆ. ಉಟ್ಟ ಸೀರಿ ಬಕೀಟಿನ್ಯಾಗ ನೆನಿ ಹಾಕಿದೆ. ಮೂರು ಸಲ ಬಾಯಿ ಮುಕ್ಕಳಿಸಿದೆ, ಮೊಣಕೈಮಟ ಸಾಬೂನು ತಿಕ್ಕಿದೆ, ಉಗುರಿನ್ಯಾಗ ಕಡ್ಡಿ ಹಾಕಿ ತಗದೆ, ತಲಿ ಮ್ಯಾಲೆ ನೀರು ಹಾಕ್ಕೊಂಡೆ.

ಹೊರಗಿಂದ ಶೋಭಾ ಕೂಗಿದ್ಲು. "ಅತ್ತಿ, ದಿವಸದ ಊಟಕ್ಕ ಹೋಗಿ ಬಂದು ಯಾರರ ತಲಿ ಮ್ಯಾಲೆ ನೀರು ಹಾಕ್ಕೋತಾರೇನ್ರಿ?"

"ಹುಗ್ಗಿ ಉಂಡು ಬಂದೇನಿ" ಅಂದೆ. "ನಾ ಹೊರಗ ಬರೂಮಟ ಸಾನಿನ್ನ ಆ ಕಡೆ ಹಿಡಕೋ."